ಎಡಗಡೆಯ ಕಾಗದ

ರಬ್ಬರ್ ಶೀಟಿಗೆ ಗೆರೆ ಹಾಕುವ ಮೆಷಿನಿನಲ್ಲಿ ಎರಡು ಕಬ್ಬಿಣದ ರೋಲರ್‌ಗಳು, ಒಂದರ ಮೇಲೊಂದು. ಮೇಲಿನದರ ಎರಡು ತುದಿಗೂ ಒಂದೊಂದು ಸ್ಕ್ರೂ. ಸಂದು ಎರಡೂ ಕಡೆ ಒಂದೇ ಸಮ ಇರಬೇಕು. ಒಂದು ಕಡೆ ಸಡಿಲವಾದರೆ ಶೀಟು ಆ ಬದಿಯಲ್ಲಿ ದಪ್ಪವಾಗಿ, ಸೊಟ್ಟಗೆ ಹೊರಬರುತ್ತದೆ. ಆಮೇಲೆ ಹೊಗೆಮನೆಯಲ್ಲಿ ಎಷ್ಟು ಒಣಗಿಸಿದರೂ ಆ ಅಂಚು ಒಳಗೆ ಬೆಳ್ಳಗೇ ಉಳಿಯುತ್ತದೆ.

ಕೇರಳದಿಂದ ಬಂದು ಕಡಬದ ಈಚೆ ರಬ್ಬರ್ ಹಾಕಿದ ನಮ್ಮ ಅಪ್ಪನಿಗೆ ಅಲೈನ್‌ಮೆಂಟ್ ನೋಡಲು ಗೇಜು ಗೀಜು ಬೇಕಿರಲಿಲ್ಲ. ಹಳೆ ಕ್ಯಾಲೆಂಡರಿನಿಂದ ಎರಡು ಪಟ್ಟಿ ಹರಿದು, ರೋಲರ್‌ಗಳ ಸಂದಿನ ಎರಡು ತುದಿಗೆ ಸಿಕ್ಕಿಸಿ, ಎರಡೂ ಕೈಯಿಂದ ಒಟ್ಟಿಗೆ ಎಳೆಯುವುದು. ಒಂದೇ ಬಿಗಿಯಲ್ಲಿ ಬಂದರೆ ಸರಿ. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಟೇಬಲ್ ಮ್ಯಾನರ್ಸ್ ಕಲಿಯುತ್ತಿದ್ದಾಗ ನನ್ನ ತಮ್ಮ ಇದನ್ನು ಕಲಿತ. ರಜೆಗೆ ಬಂದ ನಾನು ಹತ್ತಿರ ಹೋದರೆ, "ಮೇಡಮ್, ಡೋಂಟ್ ಟಚ್!" ಎನ್ನುತ್ತಿದ್ದ. ಅವನಿಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟೇ. ಈಗಲೂ ಅದು ನನ್ನ ಕಿವಿಯಲ್ಲಿದೆ.

ಹೋದ ವರ್ಷ ಅವನಿಗೆ ಸ್ಟ್ರೋಕ್ ಆಯಿತು. ಮಾತು ಮರಳಿತು, ಕಾಲು ಮರಳಿತು, ಎಡಗೈ ಅರ್ಧ ಮಾತ್ರ. ಮರ ಕೆತ್ತುವ ಟ್ಯಾಪಿಂಗ್ ಬಿಟ್ಟ, ರಬ್ಬರ್ ಹಾಲಿನ ಕ್ಯಾನ್ ಹೊರುವುದು ಬಿಟ್ಟ. ಸ್ಕ್ರೂ ಮಾತ್ರ ಬಿಡಲಿಲ್ಲ. ಅದೂ ಹೋದರೆ ಆ ಶೆಡ್ಡಿನಲ್ಲಿ ಅವನಿಗೆ ನಿಲ್ಲಲು ಜಾಗವೇ ಇರಲಿಲ್ಲ.

ಆದರೆ ಬಲವಿಲ್ಲದ ಕೈಗೆ ಎಡಗಡೆಯ ಕಾಗದ ಗಟ್ಟಿಯಾಗಿ ಕಚ್ಚಿಕೊಂಡಂತೆ ಅನ್ನಿಸುತ್ತಿತ್ತು. ಟೈಟಾಯಿತೆಂದು ಆ ಕಡೆಯ ಸ್ಕ್ರೂ ಸಡಿಲಿಸುತ್ತಿದ್ದ. ದಿನವೂ ಶೀಟು ಎಡಕ್ಕೆ ದಪ್ಪ.

ಮನೆಯೊಳಗೆ ನಮ್ಮದು ಮಲಯಾಳ. ಶೆಡ್ಡಿನಲ್ಲಿ ಅವನನ್ನು ಹಂಗಿಸುವಾಗ ಮಾತ್ರ ಅವನ ಹೆಂಡತಿ ಕನ್ನಡ ಮಾತಾಡುತ್ತಿದ್ದಳು, ಟ್ಯಾಪಿಂಗಿಗೆ ಬರುವ ಇಬ್ಬರಿಗೂ ಅರ್ಥವಾಗಲಿ ಎಂದು. ಗಂಡನನ್ನು ಕರೆಯುವ 'ಅಚ್ಚಾಯ' ಮಾತ್ರ ಮಲಯಾಳ.

"ಎಂತ ಅಚ್ಚಾಯ, ಶೀಟಿಗೂ ಸ್ಟ್ರೋಕ್ ಆಯ್ತಾ? ಒಂದು ಬದಿ ಊದಿಕೊಂಡು ಉಂಟಲ್ಲ!"

"ಅದಕ್ಕೂ ಕಷಾಯ ಕೊಡುವ, ಅಕ್ಕ," ಎಂದ ಅವರಲ್ಲೊಬ್ಬ. ಇಬ್ಬರೂ ನಕ್ಕರು. ನನ್ನ ತಮ್ಮ ಕಾಗದವನ್ನು ಮಡಚುತ್ತಾ ನಿಂತಿದ್ದ.

ಅವಳೊಬ್ಬಳೇ ಇದ್ದಾಗ ಮಲಯಾಳದಲ್ಲೇ ಕೇಳಿದೆ, "ಪ್ರಾಬ್ಲಮ್ ಅವನ ಕೈಯದ್ದು ಅಂತ ನಿನಗೆ ಗೊತ್ತುಂಟಲ್ಲ. ಒಂದು ಮಾತು ಹೇಳ್ಬಾರ್ದಾ?"

"ಗೊತ್ತುಂಟು ಚೇಚಿ." ಅವಳು ಬಲಗೈಯ ತೋರುಬೆರಳನ್ನು ನನ್ನ ಮುಖದೆದುರು ಹಿಡಿದಳು. ಅದು ಮೇಲಿನ ಗಂಟಿನಲ್ಲಿ ವಕ್ರವಾಗಿತ್ತು. "ಮದುವೆಯಾದ ಹೊಸತರಲ್ಲಿ ಆ ಸ್ಕ್ರೂ ಮುಟ್ಟಿದ್ದೆ. ಸ್ಪ್ಯಾನರಲ್ಲಿ ಹೊಡೆದದ್ದು ನಿಮ್ಮ ತಮ್ಮ. ಈಗ ನೋಡ್ಲಿ."

ಇಷ್ಟು ವರ್ಷ ಆ ಬೆರಳು ಹುಟ್ಟಿನಿಂದಲೇ ಹಾಗೆ ಎಂದುಕೊಂಡಿದ್ದೆ.

ಕೊನೆಗೆ ನಾನೇ ತಮ್ಮನಿಗೆ ಹೇಳಿದೆ: ಎರಡೂ ಕಾಗದವನ್ನು ಬಲಗೈಯಲ್ಲೇ ಎಳೆ, ಒಂದಾದ ಮೇಲೆ ಒಂದು. ಮರುದಿನ ಬೆಳಿಗ್ಗೆ ಹಾಗೇ ಮಾಡಿದ. ಶೀಟು ನೇರ ಬಂತು, ಪರ್ಫೆಕ್ಟ್. ಬೆಳಕಿಗೆ ಎತ್ತಿ ಹಿಡಿದು, ಹೆಂಡತಿಗೆ ತೋರಿಸಿ, ಸ್ಟ್ರೋಕ್ ಆದಮೇಲೆ ಮೊದಲ ಬಾರಿ ಬಾಯಿ ತುಂಬ ನಕ್ಕ.

ಅವಳು ಎರಡೂ ಅಂಚನ್ನು ಹಿಸುಕಿ ನೋಡಿದಳು. "ಒಳ್ಳೇದಾಯ್ತು," ಎಂದಳು.

ಮಧ್ಯಾಹ್ನ ಅವನು ಊಟ ಮಾಡಿ ಮಲಗಿದ್ದಾಗ ಕಡಬದಿಂದ ವೆಲ್ಡಿಂಗಿನವನು ಬಂದ. ಸದ್ದಿಗೆ ಎಚ್ಚೆತ್ತು ತಮ್ಮ ಎದ್ದು ಶೆಡ್ಡಿಗೆ ಬರುವಷ್ಟರಲ್ಲಿ ಎರಡೂ ಸ್ಕ್ರೂ ಬೆಸೆದಾಗಿತ್ತು.

"ನಿಮ್ಮದೇ ಅಲೈನ್‌ಮೆಂಟ್ ಅಚ್ಚಾಯ, ಪರ್ಮನೆಂಟ್ ಮಾಡಿಸಿದೆ. ಇನ್ನು ಯಾರೂ ಮುಟ್ಟುದು ಬೇಡ. ನೀವು ಆರಾಮ ಕೂತ್ಕೊಳ್ಳಿ." ಅದನ್ನೂ ಕನ್ನಡದಲ್ಲೇ ಹೇಳಿದಳು.

ಮರುದಿನ ಅವನು ಸ್ಕ್ರೂ ಬೆಸೆದೇ ಇಲ್ಲವೆಂಬಂತೆ ಕ್ಯಾಲೆಂಡರಿನ ಪಟ್ಟಿಗಳನ್ನು ಹಿಡಿದುಕೊಂಡು ಬಂದ. ನಾನು ಹೇಳಿದ್ದನ್ನು ಮರೆತನೋ, ಬೇಡವೆಂದು ಬಿಟ್ಟನೋ, ಅಪ್ಪ ಕಲಿಸಿದ ಹಾಗೆ ಎರಡೂ ಕೈಯಿಂದ ಎಳೆದ.

"ಎಡಗಡೆ ಸ್ವಲ್ಪ ಟೈಟ್ ಉಂಟು," ಎಂದ. ಸ್ಪ್ಯಾನರಿಗಾಗಿ ಹಲಗೆಯ ಮೇಲೆ ತಡಕಾಡಿದ, ಬಗ್ಗಿ ಕೆಳಗೆ ನೋಡಿದ.

ಸ್ಪ್ಯಾನರ್ ಅವಳ ಸೊಂಟದಲ್ಲಿತ್ತು.

"ಹುಡುಕಿ ಅಚ್ಚಾಯ," ಎಂದಳು, "ಅಲ್ಲೇ ಎಲ್ಲೋ ಇರ್ತದೆ."