ನಾಯಿ ಕೊಡೋರು ನಮ್ಮ ಬೀದಿ ನೋಡೋಕೆ ಬಂದರು

ನಮ್ಮ ಬೀದಿಯಲ್ಲಿ ಯಾರೂ ಸುಮ್ಮನೆ ದಾಟಿ ಹೋಗೋ ಹಾಗಿಲ್ಲ. ಭದ್ರಾವತಿಯ ಹಳೇ ಕಾಲೊನಿ ಇದು. ಕರೆಂಟ್ ಬಿಲ್ಲಿನವನು ಬಂದರೂ ಕಾಫಿ, ಗ್ಯಾಸಿನವನು ಬಂದರೂ ಕಾಫಿ. ಅದರಲ್ಲೂ ಮೂರನೇ ಮನೆಯ ಪಾಟಿ. ಪಾಟಿ ಅಂದರೆ ತಮಿಳಲ್ಲಿ ಅಜ್ಜಿ. ಅವರ ಯಜಮಾನರು ಕಾರ್ಖಾನೆ ಕೆಲಸಕ್ಕೆ ಅಂತ ಸೇಲಂ ಕಡೆಯಿಂದ ಬಂದವರು, ಈಗ ಪಾಟಿ ಇಡೀ ಬೀದಿಗೇ ಪಾಟಿ. ಅವರ ಕೈಯಲ್ಲಿ ಮುರುಕಿನ, ಅಂದರೆ ನಮ್ಮ ಚಕ್ಕುಲಿಯ, ಡಬ್ಬಿ ಇಲ್ಲದೇ ಇರೋದನ್ನ ನಾನು ಕಂಡಿದ್ದೇ ಇಲ್ಲ, ಕಣ್ಣಿದ್ದಾಗಲೂ ಕಂಡಿಲ್ಲ.

ಕಣ್ಣಿನ ವಿಷಯ ಮೊದಲೇ ಹೇಳಿ ಮುಗಿಸಿಬಿಡ್ತೀನಿ, ಅದನ್ನ ಅಳೋ ಕಥೆ ಮಾಡೋದು ಬೇಡ. ನನ್ನದು ಕಣ್ಣಿನ ಒಳಪರದೆ ಸವೆಯುತ್ತಾ ಹೋಗೋ ಕಾಯಿಲೆ. ಮೊದಲು ರಾತ್ರಿ ಕಾಣದೆ ಹೋಯ್ತು, ಆಮೇಲೆ ಅಕ್ಕಪಕ್ಕ, ಕೊನೆಗೆ ಎದುರಿಗಿರೋದೂ. ಈಗ ಬೆಳಕು ಯಾವ ಕಡೆ ಇದೆ ಅನ್ನೋದಷ್ಟೇ ತಿಳಿಯುತ್ತೆ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಹೇಳಿಕೊಡ್ತೀನಿ. ಪಾಠಕ್ಕೇನೂ ತೊಂದರೆ ಇಲ್ಲ. ಪುಸ್ತಕಾನ ಕಂಪ್ಯೂಟರು ಓದಿ ಹೇಳುತ್ತೆ, ಹಿಂದಿನ ಬೆಂಚಿನವರು ಮೊಬೈಲ್ ನೋಡ್ತಿದಾರೆ ಅನ್ನೋದು ಅವರು ತೀರಾ ಸದ್ದಿಲ್ಲದೆ ಕೂತಾಗಲೇ ಗೊತ್ತಾಗುತ್ತೆ. ಕಷ್ಟ ಇದ್ದದ್ದು ದಾರಿಯದು. ಮನೆಯಿಂದ ಬಸ್ ಸ್ಟಾಪಿಗೆ, ಅಲ್ಲಿ ಇಳಿದರೆ ಗೇಟಿನಿಂದ ವಿಭಾಗಕ್ಕೆ.

ಬಿಳಿ ಕೋಲು ಹಿಡಿಯೋದು ಕಲಿತಿದ್ದೆ. ಕೋಲಿಗೆ ನೆಲ ಗೊತ್ತಾಗುತ್ತೆ, ಲಗೇಜ್ ಆಟೋದಿಂದ ಮುಖದ ಮಟ್ಟಕ್ಕೆ ಚಾಚಿಕೊಂಡಿರೋ ಕಬ್ಬಿಣದ ಸಲಾಕೆ ಗೊತ್ತಾಗಲ್ಲ. ಒಂದು ಸಲ ಹಣೆ ಒಡಕೊಂಡೆ. ಅಲ್ಲಿಂದ ಧೈರ್ಯ ಹೋಯ್ತು, ಕೋಲು ಬಾಗಿಲ ಮೂಲೆ ಸೇರಿತು. ನಮ್ಮ ಯಜಮಾನರೇ ಕೈ ಹಿಡಿದು ಬಸ್ ಹತ್ತಿಸೋರು. ಅವರದೋ ಶಿಫ್ಟ್ ಕೆಲಸ. ಬೆಳಗಿನ ಶಿಫ್ಟ್ ಬಿದ್ದ ವಾರ ಯಾರಾದರೂ ಸಿಕ್ಕರೆ ಉಂಟು, ಇಲ್ಲದಿದ್ದರೆ ರಜ. ರಜೆಗಳು ಹೀಗೆ ಖಾಲಿಯಾಗ್ತಿದ್ದಂತೆ, 'ಸಾಕು, ಸ್ವಯಂ ನಿವೃತ್ತಿ ತಗೊಂಡುಬಿಡು' ಅಂತ ನೆಂಟರ ಉಪದೇಶ ಶುರುವಾಯ್ತು. ನನಗೆ ಮೈಯೆಲ್ಲ ಉರಿಯೋದು. ಪಾಠ ಬಿಟ್ಟು ಮನೇಲಿ ಕೂತು ನಾನೇನು ಮಾಡಬೇಕು? ಅಕ್ಕಿ ಆರಿಸೋಕೂ ಕಣ್ಣಿಲ್ಲ. ಹೊರಗೆ ಜಗಳ ಆಡ್ತಿದ್ದೆ, ಒಳಗೆ ಹೆದರಿದ್ದೆ.

ದಾರಿ ತೋರಿಸೋ ನಾಯಿಗಳ ವಿಷಯ ಹೇಳಿದ್ದು ನಮ್ಮ ವಿಭಾಗದ ಸಹೋದ್ಯೋಗಿ. ಅದನ್ನ ಕೇಳಿದ್ದೇ ತಡ, ನಮ್ಮವರು ಊರೆಲ್ಲ ವಿಚಾರಿಸಿ, ಶಿವಮೊಗ್ಗದ ಸವಳಂಗ ರಸ್ತೆ ಕಡೆ ಅಂಥ ನಾಯಿ ಮಾರೋನು ಒಬ್ಬ ಇದಾನೆ ಅಂತ ಪತ್ತೆ ಹಚ್ಚಿದರು. ಒಂದು ಭಾನುವಾರ ಹೋದೆವು. ಆ ಮನುಷ್ಯನ ಮಾತು ಬೆಣ್ಣೆ. 'ಕೂತ್ಕೊಳ್ಳಿ ಮೇಡಂ, ಟೀ ತರಿಸ್ಲಾ' ಅಂದ. ನಾಯಿ ಬಂತು, ಕೂತಿತು, ಕೈ ಕೊಟ್ಟಿತು. ಮೈ ನುಣುಪಾಗಿತ್ತು, ಶಾಂಪೂ ವಾಸನೆ.

'ಸರ್ಟಿಫಿಕೇಟು, ಐಡಿ ಕಾರ್ಡು, ಹಾಕೋ ಜಾಕೆಟ್ಟು, ಎಲ್ಲ ರೆಡಿ. ಮುಂದಿನ ವಾರವೇ ಕರ್ಕೊಂಡು ಹೋಗ್ಬಹುದು.'

'ಕಣ್ಣು ಕಾಣದವರ ಜೊತೆ ಇದು ನಡೆದಿದೆಯಾ?'

'ಎರಡು ದಿನದಲ್ಲಿ ಕಲಿತ್ಕೊಳ್ಳುತ್ತೆ ಮೇಡಂ, ಬಹಳ ಚುರುಕು.'

'ಹಾಗಾದರೆ ಇಲ್ಲೇ ರಸ್ತೆಯಲ್ಲಿ ಒಂದು ಸುತ್ತು ನಡೆದು ನೋಡ್ತೀನಿ.'

'ಅಯ್ಯೋ ಬೇಡ ಮೇಡಂ, ಹೊರಗೆ ವಿಪರೀತ ಟ್ರಾಫಿಕ್ಕು.'

'ಟ್ರಾಫಿಕ್ ಇಲ್ಲದ ಕಡೆ ನಡೆಯೋಕೆ ನನಗೆ ನಾಯಿ ಯಾಕಪ್ಪಾ ಬೇಕು?' ಅಂದು ಎದ್ದೆ. ನನಗೆ ಎಷ್ಟು ಕಾಣುತ್ತೆ, ನಾನು ಎಲ್ಲಿಗೆ ಹೋಗಬೇಕು, ಒಂದು ಮಾತು ಕೇಳಲಿಲ್ಲ ಪುಣ್ಯಾತ್ಮ. ಬೆಳ್ಳಗಿರೋದೆಲ್ಲ ಹಾಲಲ್ಲ. ವಾಪಸ್ ಬರೋ ಬಸ್ಸಲ್ಲಿ ನಮ್ಮವರು, 'ನಾಯಿ ಚೆನ್ನಾಗಿತ್ತು ಮಾರಾಯ್ತಿ' ಅಂದರು ಬೇಜಾರಲ್ಲಿ. ಚೆನ್ನಾಗೇ ಇತ್ತು. ಅದರ ತಪ್ಪೇನೂ ಇರಲಿಲ್ಲ ಪಾಪ.

ಸರಿ, ಒಳ್ಳೇ ಸಂಸ್ಥೆ ಅಂತ ಕಂಡುಹಿಡಿಯೋದು ಹೇಗೆ? ವೀಡಿಯೋಗಳಲ್ಲಿ ಎಲ್ಲರೂ ಒಳ್ಳೆಯವರೇ. ಕೊನೆಗೆ ನಮ್ಮ ಕಡೆ ಹೆಣ್ಣುಗಂಡಿನ ವಿಚಾರದಲ್ಲಿ ಮಾಡೋದನ್ನೇ ಮಾಡಿದೆ. ಸಂಬಂಧ ಕುದುರಿಸೋ ಮುಂಚೆ ಆ ಮನೆಯವರನ್ನ ಯಾರೂ ಕೇಳಲ್ಲ, ಅಕ್ಕಪಕ್ಕದವರನ್ನ, ಆ ಮನೆಗೆ ಕೊಟ್ಟು ತಂದವರನ್ನ ಕೇಳ್ತಾರೆ. ನಾನೂ ಸಂಸ್ಥೆಗಳಿಗಿಂತ ಮುಂಚೆ ಅಲ್ಲಿಂದ ನಾಯಿ ಪಡೆದವರ ನಂಬರ್ ಹುಡುಕಿ ಫೋನ್ ಮಾಡ್ತಾ ಕೂತೆ. 'ನಿಮ್ಮ ನಾಯಿಯಲ್ಲಿ ಏನು ಕೆಟ್ಟದಿದೆ ಹೇಳಿ' ಅಂತ ಕೇಳೋದು. ಏನೂ ಇಲ್ಲ, ಎಲ್ಲ ಸೂಪರ್ ಅಂದವರ ಸಂಸ್ಥೆಯನ್ನ ಪಕ್ಕಕ್ಕಿಟ್ಟೆ. ಒಬ್ಬ ಹೆಂಗಸು ಮಾತ್ರ ನಕ್ಕು, 'ಪಟಾಕಿಗೆ ಹೆದರಿ ಮಂಚದ ಕೆಳಗೆ ಸೇರ್ಕೊಂಡುಬಿಡ್ತಾಳೆ. ದೀಪಾವಳಿಯಲ್ಲಿ ಸಂಸ್ಥೆಯವರೇ ಬಂದು ಉಳಿದು, ಸರಿ ಮಾಡಿ ಹೋದರು' ಅಂದರು. ಕೊಟ್ಟ ಮೇಲೂ ಬರ್ತಾರಲ್ಲ! ಆ ಸಂಸ್ಥೆಗೇ ಫೋನ್ ಹಚ್ಚಿದೆ. ದೂರದ ಊರು, ಹೆಸರು ಬೇಡ.

ನಾನು ಕೇಳಬೇಕು ಅಂದುಕೊಂಡದ್ದಕ್ಕಿಂತ ಅವರೇ ಹೆಚ್ಚು ಕೇಳಿದರು. ಕಣ್ಣಿನ ಡಾಕ್ಟರ ವರದಿ, ಮನೆಯಲ್ಲಿ ಯಾರ್ಯಾರಿದಾರೆ, ನಾನು ಎಷ್ಟು ಜೋರಾಗಿ ನಡೀತೀನಿ. ನಾಯಿಗೆ ವಯಸ್ಸಾದ ಮೇಲೆ ಅದನ್ನ ಯಾರು ನೋಡ್ಕೊಳ್ತಾರೆ ಅಂತ ನಾನು ಕೇಳಿದ್ದಕ್ಕೆ ಸರಿಯಾದ ಉತ್ತರ ಬಂತು. ನಾಯಿಗೂ ನನಗೂ ಹೊಂದದೇ ಇದ್ದರೆ ಅಂದಾಗ, ವಾಪಸ್ ತಗೊಂಡು ಬೇರೆ ನೋಡ್ತೀವಿ, ಅದು ನಿಮ್ಮ ತಪ್ಪಲ್ಲ ಅಂದರು. ಇಷ್ಟೆಲ್ಲ ಆದಮೇಲೆ ಅಲ್ಲಿ ನಾಯಿಗಳಿಗೆ ತರಬೇತಿ ಕೊಡೋ ಹುಡುಗಿ, 'ಮೇಡಂ, ನೀವು ಮೊದಲು ಕೋಲು ಹಿಡಿದು ಒಬ್ಬರೇ ಬಸ್ ಸ್ಟಾಪಿಗೆ ಹೋಗಿ ತೋರಿಸ್ಬೇಕು' ಅಂದಳು. ನನಗೆ ಪಿತ್ತ ನೆತ್ತಿಗೇರಿತು.

'ಕೋಲಲ್ಲೇ ಹೋಗೋ ಹಾಗಿದ್ದರೆ ನಿಮಗೆ ಯಾಕ್ರೀ ಫೋನ್ ಮಾಡ್ತಿದ್ದೆ?'

'ನಾಯಿಗೆ ಶಂಕರಘಟ್ಟ ಎಲ್ಲಿದೆ ಅಂತ ಗೊತ್ತಿರಲ್ಲ ಮೇಡಂ. ದಾರಿ ನೀವು ಹೇಳ್ಬೇಕು. ದಾರೀಲಿರೋ ಗುಂಡಿ, ಕಂಬ, ಗಾಡಿ ಅದು ತಪ್ಪಿಸುತ್ತೆ.'

ಮೂಲೆಯಲ್ಲಿದ್ದ ಕೋಲು ಮತ್ತೆ ಕೈಗೆ ಬಂತು. ಹೆದರಿಕೊಂಡೇ ನಡೆದೆ. ಬೀದಿ ತಿರುವು, ಬೇವಿನ ಮರ, ಇಸ್ತ್ರಿ ಅಂಗಡಿಯ ಇದ್ದಿಲಿನ ಬಿಸಿ, ಒಂದೊಂದೇ ಮತ್ತೆ ನನ್ನದಾಯ್ತು. ನಮ್ಮವರು ರಜದ ದಿನ ದೂರದಲ್ಲಿ ಹಿಂದೆ ಬರ್ತಿದ್ದರು, ಕೆಮ್ಮಿ ಸಿಕ್ಕಿಬೀಳೋರು.

ಆಮೇಲೆ ಒಂದು ದಿನ ಆ ಹುಡುಗಿ, ತರಬೇತಿ ಮುಗಿದ ಒಂದು ನಾಯಿ ಜೊತೆ, ನಮ್ಮ ಮನೆ ಮತ್ತು ಬೀದಿ ನೋಡೋಕೆ ಅಂತ ರೈಲಲ್ಲಿ ಬಂದಳು. ಹೆಣ್ಣು ಕೊಡೋರು ಮನೆ ನೋಡೋಕೆ ಬಂದ ಹಾಗೆ ನಾನು ಮನೆ ತೊಳೆಸಿ, ಶ್ಯಾವಿಗೆ ಪಾಯಸ ಮಾಡಿ ಕಾದಿದ್ದೆ. ಬೀದಿಯವರಿಗೂ ಸುದ್ದಿ ಹೋಗಿತ್ತು. ಅಲ್ಲೇ ಎಡವಟ್ಟಾಗಿದ್ದು. ಹುಡುಗಿ ನಾಯಿಯ ಬೆನ್ನಿಗೆ ಕಟ್ಟಿದ ಪಟ್ಟಿಯ ಹಿಡಿಕೆಯನ್ನ ನನ್ನ ಕೈಗೆ ಕೊಟ್ಟು, 'ಬಸ್ ಸ್ಟಾಪ್ ಕಡೆ ನಡೀರಿ' ಅಂದಳು. ನಾಲ್ಕು ಹೆಜ್ಜೆ ಇಟ್ಟೆನೋ ಇಲ್ಲವೋ, ಎಡಗಡೆಯಿಂದ ಬಿಸ್ಕತ್ತು ಬಂತು. ಬಲಗಡೆಯಿಂದ ಯಾರೋ 'ಬಾ ರಾಜಾ ಬಾ' ಅಂತ ಚಿಟಿಕೆ ಹೊಡೆದರು. ಮೂರನೇ ಮನೆ ಮುಂದೆ ಪಾಟಿ ಡಬ್ಬಿ ತೆಗೆದ ಸದ್ದು ನನಗೇ ಕೇಳಿಸ್ತು, ನಾಯಿಗೆ ಕೇಳಿಸದೇ ಇರುತ್ತಾ? ಪಾಟಿ ದಿನಾ ಗೇಟಿನ ಹತ್ತಿರ ಅನ್ನ ಹಾಕಿ ಸಾಕಿದ ಬೀದಿನಾಯಿಗಳ ದಂಡು ಬೇರೆ ಬೊಗಳ್ತಾ ಎದುರು ಬಂತು. ನನ್ನ ಜೊತೆಗಿದ್ದದ್ದು ಸರಕ್ಕಂತ ಮುರುಕಿನ ಕಡೆ ತಿರುಗಿತು, ನಾನು ಪಾಟಿ ಮನೆ ಮೆಟ್ಟಿಲಿಗೆ ಎಡವಿ ಮೊಣಕಾಲು ತರಚಿಕೊಂಡೆ.

ಮನೆಗೆ ಬಂದು ಪಾಯಸ ಕುಡಿದು, ಹುಡುಗಿ ಮೆತ್ತಗೆ ಹೇಳಿದಳು. 'ನಿಮ್ಮಲ್ಲಿ ಏನೂ ಕೊರತೆ ಇಲ್ಲ ಮೇಡಂ. ಆದ್ರೆ ಈ ಬೀದೀಲಿ ನಮ್ಮ ನಾಯಿ ಕೆಲಸ ಮಾಡೋಕಾಗಲ್ಲ. ಎಷ್ಟೇ ಕಲಿತಿರಲಿ, ದಿನಾ ಹೀಗಾದರೆ ಕೆಟ್ಟುಹೋಗುತ್ತೆ. ಒಂದು ದಿನ ನೀವು ಮೆಟ್ಟಿಲ ಬದಲು ಬಸ್ಸಿನ ಮುಂದೆ ಬೀಳ್ತೀರಿ. ಈಗ ಕೊಡಲ್ಲ. ಬೀದಿ ಬದಲಾದರೆ ಹೇಳಿ, ಮತ್ತೆ ಬರ್ತೀನಿ.'

ಬೀದಿ ಬದಲಾಗೋದಂದ್ರೇನು, ತಮಾಷೆಯಾ? ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಜೋರಾಗಿ ಅತ್ತೆ. ಪ್ರೀತಿ ಮಾಡೋ ಜನರಿಂದಲೇ ನನ್ನ ಕೆಲಸ ಹೋಗುತ್ತಲ್ಲ ಅಂತ ಸಂಕಟ. ನಮ್ಮವರು, 'ಸವಳಂಗ ರಸ್ತೆಯವನು ಮತ್ತೆ ಫೋನ್ ಮಾಡಿದ್ದ. ಅವನು ಕೊಡ್ತೀನಿ ಅಂತಾನಾದ್ರೂ ಅಂತಾನೆ' ಅಂದರು. ಆ ಹೊತ್ತಿಗೆ ನನ್ನ ಮನಸ್ಸೂ ಅತ್ತ ವಾಲಿತ್ತು, ಸುಳ್ಳು ಯಾಕೆ ಹೇಳಲಿ. ಮೊಣಕಾಲಿಗೆ ಅರಿಶಿನ ಹಚ್ಚಿಕೊಳ್ತಾ ಯೋಚನೆ ಮಾಡಿದೆ. ಇವಳು ನನ್ನ ಹಿಂದೆಯೇ ನಡೆದು, ನಾನು ಬಿದ್ದದ್ದನ್ನ ನೋಡಿ ಇಲ್ಲ ಅಂದಳು. ಅವನು ಕೂತ ಕುರ್ಚಿ ಬಿಟ್ಟು ಏಳದೆ ಹೂಂ ಅಂದ. 'ಬೇಡ ಕಣ್ರೀ, ಕೊಡಲ್ಲ ಅಂದವಳ ಹತ್ತಿರವೇ ಇಸ್ಕೊಳ್ತೀನಿ' ಅಂದೆ.

ಮಾರನೇ ಬೆಳಿಗ್ಗೆ ಪಾಟಿ ಬಂದರು. ಅವತ್ತು ಡಬ್ಬಿ ತಂದಿರಲಿಲ್ಲ.

'ನಾನು ಪ್ರೀತೀಲಿ ತಾನೇ ಕೊಟ್ಟಿದ್ದು?'

'ಪ್ರೀತೀಲೇ ಪಾಟಿ. ಆದರೆ ಅದು ತಿನ್ನೋಕೆ ತಿರುಗಿದರೆ ನನಗೆ ದಾರಿ ತಪ್ಪುತ್ತೆ. ನಿಮ್ಮ ಮನೆ ಮುಂದೆ ಅದು ಇದೆ ಅಂತಲೇ ನೀವು ಮರೀಬೇಕು. ಕರೀಬಾರದು, ಮುಟ್ಟಬಾರದು. ನಡೀತಿರೋವಾಗ ನನ್ನನ್ನೂ ಮಾತಾಡಿಸಬಾರದು.'

'ನಿನ್ನನ್ನೂನಾ?' ಅಂದರು ಪಾಟಿ. ಮನೆ ಮುಂದೆ ಹೋಗೋರನ್ನ ಮಾತಾಡಿಸದೇ ಇರೋದು ಅಂದರೆ ನಮ್ಮ ಬೀದೀಲಿ ಜಗಳ ಆಡಿದೀವಿ ಅಂತ ಅರ್ಥ. 'ನಿನ್ನ ಕೆಲಸ ಉಳಿಯುತ್ತಾ ಅದರಿಂದ?' ಅಂದರು. ಉಳಿಯುತ್ತೆ ಅಂದೆ. 'ಆಗ್ಲಿ ಬಿಡು' ಅಂತ ಎದ್ದು ಹೋದರು.

ಅವತ್ತಿನಿಂದ ಬೀದಿಯ ಆಡಳಿತ ಪಾಟಿ ಕೈಗೆ ಹೋಯ್ತು. ಬೀದಿನಾಯಿಗಳಿಗೆ ಅನ್ನ ಹಾಕೋ ಜಾಗ ಗೇಟಿನಿಂದ ನೀರಿನ ಟ್ಯಾಂಕಿನ ಹಿಂದಕ್ಕೆ ಬದಲಾಯ್ತು. ಅವೂ ನಿಧಾನಕ್ಕೆ ಆ ಕಡೆ ಮಲಗೋದು ರೂಢಿ ಮಾಡಿಕೊಂಡವು. ನಾಯಿಗಳು ಕಲಿತಷ್ಟು ಬೇಗ ಜನ ಕಲಿಯಲಿಲ್ಲ. ನಾನು ಕೋಲು ಹಿಡಿದು ಅಭ್ಯಾಸಕ್ಕೆ ಹೊರಟರೆ, 'ಮೇಡಂ, ಎಡಗಡೆ ಬೈಕಿದೆ!' ಅಂತ ಒಬ್ಬರು, 'ಏ, ಮಾತಾಡಬಾರ್ದು ಕಣ್ರೀ!' ಅಂತ ಇನ್ನೊಬ್ಬರು, 'ನೀವೂ ಮಾತಾಡಿದ್ರಲ್ಲ!' ಅಂತ ಮತ್ತೊಬ್ಬರು. ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತ ಪಾಟಿಗೆ ಯಾರು ಕನ್ನಡದ ಗಾದೆ ಹೇಳಿಕೊಟ್ಟಿದ್ದರೋ, ಅದನ್ನೇ ಹಿಡಿದು ಎಲ್ಲರಿಗೂ ಬೈಯೋರು. ಅವರ ಬೈಗುಳದ ಸದ್ದೇ ಎಲ್ಲಕ್ಕಿಂತ ಜೋರು.

ಮಳೆಗಾಲ ಕಳೆದ ಮೇಲೆ ಹುಡುಗಿ ಮತ್ತೆ ಬಂದು ನೋಡಿದಳು. ಈ ಸಲ ಬಿಸ್ಕತ್ತು ಬರಲಿಲ್ಲ. ಕಾಯಬೇಕು ಅಂದಳು, ನನ್ನ ನಡಿಗೆಗೆ, ಸ್ವಭಾವಕ್ಕೆ ಹೊಂದೋ ನಾಯಿ ಸಿಗಬೇಕಂತೆ. 'ನನ್ನ ಕೋಪಕ್ಕೆ ಹೊಂದೋದು ಹುಟ್ಟಿದೆಯೋ ಇಲ್ವೋ' ಅಂದೆ. ಹುಟ್ಟಿತ್ತು. ಆ ಊರಿಗೆ ಹೋಗಿ, ಉಳಿದು, ಅದರ ಜೊತೆ ನಡೆಯೋದು ಕಲಿತು ಬಂದೆ. ಕಪ್ಪು ಬಣ್ಣದ ಹೆಣ್ಣುನಾಯಿ. ಹೆಸರು ಹೇಳಲ್ಲ, ಹೇಳಿದರೆ ದಾರೀಲಿ ಕಂಡವರೆಲ್ಲ ಕರೀತಾರೆ, ಅವಳ ಕೆಲಸ ಕೆಡುತ್ತೆ. ಬೀದಿಯವರಿಗೂ ಇವತ್ತಿನವರೆಗೆ ಗೊತ್ತಿಲ್ಲ.

ಮೊದಲ ಸೋಮವಾರ. ನಮ್ಮವರಿಗೆ ಬೆಳಗಿನ ಶಿಫ್ಟು, ಆಗಲೇ ಹೋಗಿದ್ದರು. ತರಬೇತಿಯ ಹುಡುಗಿ ನನ್ನಿಂದ ಸಾಕಷ್ಟು ದೂರ ಹಿಂದೆ ಇದ್ದಳು. ಗೇಟು ತೆಗೆದು, ಹಿಡಿಕೆ ಹಿಡಿದು, 'ಮುಂದೆ' ಅಂದೆ.

ಬೀದಿಯಲ್ಲಿ ಸದ್ದೇ ಇಲ್ಲ. ಇಷ್ಟು ವರ್ಷದಲ್ಲಿ ನಮ್ಮ ಬೀದಿ ಅಷ್ಟು ತೆಪ್ಪಗಿದ್ದದ್ದು ನಾನು ಕೇಳಿಲ್ಲ. ಯಾರೋ ಟಿವಿ ಆರಿಸಿದ್ದರು. ಯಾರದೋ ಕುಕ್ಕರ್ ಅರ್ಧ ಕೂಗಿ ನಿಂತಿತು, ಒಲೆ ಆರಿಸಿರಬೇಕು. ಒಗ್ಗರಣೆ ವಾಸನೆ ಬಾಗಿಲವರೆಗೆ ಬಂದಿತ್ತು, ಆಯಾ ಮನೆಯವರೂ ಬಾಗಿಲಲ್ಲೇ ಇದ್ದಾರೆ ಅಂತ ಬಳೆ ಸದ್ದಲ್ಲಿ ಗೊತ್ತಾಗ್ತಿತ್ತು. ನಾಯಿ ಒಂದು ಕಡೆ ನಿಂತು, ನನ್ನನ್ನ ಬಲಕ್ಕೆ ಸರಿಸಿ, ಮತ್ತೆ ನೇರಕ್ಕೆ ತಂದಿತು. ಅಲ್ಲಿ ಬೈಕ್ ಇದ್ದಿರಬೇಕು, ಯಾರೂ ಹೇಳಲಿಲ್ಲ. ಮೂರನೇ ಮನೆ ಮುಂದೆ ಮುರುಕು ಕರಿದ ಎಣ್ಣೆಯ ಘಮ. ಪಾಟಿ ಉಸಿರಾಡೋದು ಕೇಳಿಸ್ತು, ಅವರಿಗೆ ಸ್ವಲ್ಪ ಉಬ್ಬಸ ಇದೆ. ನಾಯಿ ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ. ಬೆನ್ನು ನೆಟ್ಟಗೆ ಮಾಡಿ ನಡೆದೆ.

ಬಸ್ ಸ್ಟಾಪಿನಲ್ಲಿ ಕಂಡಕ್ಟರ್ ಬಾಗಿಲಲ್ಲೇ ಕೇಳಿದ. 'ಇದು ಕಚ್ಚಲ್ವಲ್ಲ ಮೇಡಂ?'

'ಅವಳು ಕಚ್ಚಲ್ಲಪ್ಪ. ನನ್ನ ವಿಷಯ ಗ್ಯಾರಂಟಿ ಇಲ್ಲ' ಅಂದೆ. ನಕ್ಕು ದಾರಿ ಬಿಟ್ಟ. ಸೀಟಲ್ಲಿ ಕೂತೆ, ಅವಳು ನನ್ನ ಕಾಲ ಹತ್ತಿರ ಮಲಗಿದಳು. ಯಾರ ಕೈಯನ್ನೂ ಹಿಡಿಯದೆ ನಾನು ಆ ಬಸ್ ಹತ್ತಿ ಎಷ್ಟೋ ವರ್ಷ ಆಗಿತ್ತು.

ಬಸ್ ಹೊರಟು ಊರು ದಾಟ್ತಿದ್ದ ಹಾಗೆ ಫೋನ್ ಬಡಕೊಂಡಿತು. ಪಾಟಿ. ಪಿಸುಮಾತಲ್ಲಿ ಕೇಳಿದರು.

'ಅಮ್ಮಾ, ಈಗ ಮಾತಾಡಬಹುದಾ?'

'ಮಾತಾಡಿ ಪಾಟಿ' ಅಂದೆ. ಅವರ ಹಿಂದೆ ಇಡೀ ಬೀದಿ ಒಂದೇ ಸಲ ಮಾತಾಡ್ತಿರೋದು ಕೇಳಿಸ್ತಿತ್ತು.

'ಅವಳು ಬೆಳಿಗ್ಗೆ ಏನಾದ್ರೂ ತಿಂದ್ಲಾ?'

ತಿಂದಳು ಪಾಟಿ, ಹೊಟ್ಟೆ ತುಂಬ ತಿಂದಳು ಅಂತ ಹೇಳಿ, ಪಕ್ಕದವರು ಏನಂದುಕೊಳ್ತಾರೋ ಅಂತಲೂ ನೋಡದೆ, ನಾನು ಶಂಕರಘಟ್ಟದವರೆಗೂ ಕಣ್ಣು ಒರೆಸ್ಕೊಂಡೆ.