ಹುಕ್ಕೇರಿ ಕುಸ್ತಿ ಮತ್ತು ಏಳು ತಿಂಗಳ ಕೂಸು

ನನ್ನ ಗಂಡ ಮೂಡಲಗಿ ಮೈದಾನದಲ್ಲಿ ಸೋತದ್ದು ನನ್ನಿಂದಲೇ ಎಂದು ಗೋಕಾಕದಲ್ಲಿ ಎಲ್ಲರೂ ಒಪ್ಪಿಕೊಂಡಿದ್ದರು. ಒಪ್ಪದವಳು ನಾನೊಬ್ಬಳೇ. ನನ್ನನ್ನು ಯಾರೂ ಕೇಳಲಿಲ್ಲ.

ಮದುವೆಯಾಗಿ ಆ ಮನೆಗೆ ಬಂದು ಆಗ ಎಂಟು ತಿಂಗಳಾಗಿತ್ತು. ಇವರು ಪೈಲ್ವಾನರು. ಸುತ್ತಿನ ಊರುಗಳಲ್ಲಿ ಇವರಷ್ಟು ಭಾರದ ಆಳು ಇನ್ನೊಬ್ಬನಿರಲಿಲ್ಲ. ಬಾಗಿಲಲ್ಲಿ ನಿಂತರೆ ಪಡಸಾಲೆ ಕತ್ತಲಾಗುತ್ತಿತ್ತು. ನಾವು ಜೈನರು, ಮಾಂಸ ಮೊಟ್ಟೆಯ ಮಾತೇ ಇಲ್ಲ. ಹಾಲು, ತುಪ್ಪ, ಬದಾಮಿಯ ಮೇಲೆ ಬೆಳೆಸಿದ ಮೈ ಅದು. ದಿನಾ ಬದಾಮಿ ಅರೆದು ಅರೆದು ನನ್ನ ಅಂಗೈ ಒರಟಾಗಿತ್ತು. ಹೊತ್ತು ಮುಳುಗುವ ಮುಂಚೆ ಇವರ ಊಟ ಮುಗಿಯಬೇಕು, ಒಂದು ಸೇರು ತುಪ್ಪ ಯಾವ ಮೂಲೆಗೆ ಹೋಯಿತೋ ತಿಳಿಯುತ್ತಿರಲಿಲ್ಲ.

ಹೆಂಗಸರು ಕುಸ್ತಿ ನೋಡಲು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಮೂಡಲಗಿಯಲ್ಲಿ ಆದದ್ದನ್ನು ನನಗೆ ಹೇಳಿದ್ದು ನಮ್ಮಣ್ಣ. ಎದುರಾಳಿ ಕೊಲ್ಲಾಪುರ ಕಡೆಯವನು. ಇವರು ಅವನನ್ನು ಕೆಡವಿ ಮೇಲೆ ಕೂತಿದ್ದರಂತೆ, ಅವನ ಒಂದು ಹೆಗಲು ಮಣ್ಣಿಗೆ ಹತ್ತಿತ್ತು, ಇನ್ನೊಂದು ಹೆಗಲು ನಾಲ್ಕು ಬೆರಳು ಮೇಲಿತ್ತು; ಎರಡೂ ಹತ್ತಿದರೆ ಮಾತ್ರ ಗೆಲುವು. ಜನ ಕೂಗಿದರು, ಹಲಗೆ ಬಾರಿಸುವವರು ಜೋರು ಮಾಡಿದರು. ಪಂಚರು ಇನ್ನೂ ಏನೂ ಹೇಳಿರಲಿಲ್ಲ. ಇವರು ಗೆದ್ದೆ ಎಂದು ಒಂದು ಕೈ ಮೇಲೆತ್ತಿ ಜನರ ಕಡೆ ತಿರುಗಿದರು. ಅಷ್ಟು ಸಾಕಾಯಿತು. ಅವನು ಕೆಳಗಿನಿಂದ ಜಾರಿ ಎದ್ದು ಇವರನ್ನು ಎತ್ತಿ ಒಗೆದ. ಕುತ್ತಿಗೆಯ ಮೇಲೆ ಬಿದ್ದವರಿಗೆ ಮೂರು ಕೊಡ ನೀರು ಸುರಿದ ಮೇಲೆ ಎಚ್ಚರ ಬಂತು.

ಕೈ ಎತ್ತಿದ್ದಕ್ಕೆ ಸೋತರು. ಇದರಲ್ಲಿ ನನ್ನದೇನು? ಆದರೆ ಬಂಡಿಯಲ್ಲಿ ಮನೆಗೆ ತಂದು ಮಲಗಿಸಿದ ಮೂರನೇ ದಿನ ಗರಡಿಯ ವಸ್ತಾದರು, ಎಂದರೆ ಇವರಿಗೆ ಕುಸ್ತಿ ಕಲಿಸಿದ ಗುರುಗಳು, ಪಡಸಾಲೆಯಲ್ಲಿ ಕೂತು ಅತ್ತೆಗೆ ಹೇಳಿದರು:

“ತಾಯವ್ವಾ, ಮದವಿ ಆದಮ್ಯಾಲ ಇವನ ತೋಳನ್ಯಾಗ ಜೀವ ಇಲ್ಲ. ಮುಂದಿನ ಯುಗಾದಿತನಕ ಸೊಸಿನ್ನ ತವರಿಗೆ ಕಳಸ್ರಿ. ಹೇಂತಿ ಮಾರಿ ನೋಡದಂಗ ಸಾಮು ಮಾಡ್ಲಿ.”

“ನಾ ಮದಲ ಹೇಳಿದ್ನಿರಿ, ಈಗ ಮದವಿ ಬ್ಯಾಡ ಅಂತ,” ಎಂದರು ಅತ್ತೆ. ಹೆಣ್ಣು ನೋಡಲು ನಮ್ಮೂರಿಗೆ ಮೂರು ಸಲ ಬಂದವರು ಅವರೇ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅಡುಗೆಮನೆಯಲ್ಲಿ ಬದಾಮಿ ಅರೆಯುತ್ತಾ ಎಲ್ಲ ಕೇಳಿಸಿಕೊಂಡೆ. ಇವರು ಒಂದು ಮಾತಾಡುತ್ತಾರೇನೋ ಎಂದು ಕಾದೆ. ಕುತ್ತಿಗೆಗೆ ಎಣ್ಣೆಬಟ್ಟೆ ಸುತ್ತಿಕೊಂಡು ಗೋಡೆಯ ಕಡೆ ನೋಡುತ್ತಾ ಕೂತಿದ್ದರು. ಮರುದಿನ ಗರಡಿಯ ಕೆಂಪು ಮಣ್ಣನ್ನು ಹಿಡಿಯಲ್ಲಿ ಹಿಡಿದು, ವರ್ಷ ಪೂರ್ತಿ ಹೆಂಡತಿಯ ಮುಖ ನೋಡುವುದಿಲ್ಲ ಎಂದು ಹುಡುಗರೆಲ್ಲರ ಎದುರು ಆಣೆ ಮಾಡಿದರು. ನನ್ನ ಟ್ರಂಕು ಬಂಡಿ ಹತ್ತಿತು.

ನನ್ನ ತವರು ಬೆಲ್ಲದ ಬಾಗೇವಾಡಿ. ಗಂಡನ ಮನೆಯಿಂದ ಕಾರಣವಿಲ್ಲದೆ ಬಂದವಳು ನೀರಿಗೆ ಹೋದರೆ ಬಾವಿಕಟ್ಟೆ ಸುಮ್ಮನಾಗುತ್ತದೆ. ಕಾರಣ ಗೊತ್ತಾದ ಮೇಲಂತೂ ಇನ್ನೂ ಕೆಟ್ಟದಾಯಿತು. ನನ್ನ ವಯಸ್ಸಿನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಂಥ ಪೈಲ್ವಾನನನ್ನು ಇಷ್ಟುದ್ದದ ಇವಳು ಕೆಡವಿದಳಲ್ಲ ಎಂದು ನಗುತ್ತಿದ್ದರು. ನಾನೂ ಒಮ್ಮೆ ನಕ್ಕೆ. ಮನೆಗೆ ಬಂದು ಕೊಡವನ್ನು ಎತ್ತಿ ಕುಕ್ಕಿದ್ದಕ್ಕೆ ಅದರ ತಳ ತಗ್ಗಾಯಿತು.

ಕಬ್ಬಿನ ಗಾಣ ಶುರುವಾದ ಮೇಲೆ ನಾನು ದಿನಾ ಹೊಲಕ್ಕೆ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಆಳುಗಳು ಊಟಕ್ಕೆ ಹೋಗಿದ್ದರು, ನಾನು ಕೊಪ್ಪರಿಗೆಯ ಹತ್ತಿರ ಕೂತಿದ್ದೆ. ಬಿಸಿಲಿಗೆ ಅಡ್ಡವಾಗಿ ಯಾರೋ ನಿಂತಂತಾಯಿತು. ಅಷ್ಟು ದೊಡ್ಡ ನೆರಳು ಬೇರೆ ಯಾರದೂ ಅಲ್ಲ. ಇವರ ತೂಕದ ಜೋಡಿ ಗೋಕಾಕದಲ್ಲಿ ಸಿಗದ್ದಕ್ಕೆ ವಸ್ತಾದರು ಇವರನ್ನು ಹದಿನೈದು ದಿನಕ್ಕೊಮ್ಮೆ ಹುಕ್ಕೇರಿ ಗರಡಿಗೆ ಕಳಿಸುತ್ತಿದ್ದರು. ಬರುವ ದಾರಿಯಲ್ಲಿ ಬಾಗೇವಾಡಿಗೆ ಇಳಿದಿದ್ದರು.

“ನೇಮ ಏನಾತ್ರಿ?” ಎಂದೆ.

“ನೇಮ ಗೋಕಾಕದಾಗ ಐತಿ,” ಎಂದರು.

ಬೈಯಬೇಕೆಂದು ಆರು ತಿಂಗಳಿಂದ ಕೂಡಿಸಿಟ್ಟ ಮಾತುಗಳಿದ್ದವು. ಅದರ ಬದಲು ಬಿಸಿಬೆಲ್ಲ, ರೊಟ್ಟಿ ಕೊಟ್ಟೆ. ಇವರು ಏಳು ರೊಟ್ಟಿ ತಿಂದರು. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಹಾಗೆ ಐದು ಸಲ ಬಂದರು. ಅವ್ವನಿಗೆ ಗೊತ್ತಿತ್ತು, ಆ ದಿನಗಳಲ್ಲಿ ಆಳುಗಳನ್ನು ಮನೆಯಲ್ಲೇ ಮಾತಿಗೆ ಕೂಡಿಸಿಕೊಂಡು ತಡವಾಗಿ ಕಳಿಸುತ್ತಿದ್ದಳು. ಅಪ್ಪನಿಗೆ ಹೇಳಲಿಲ್ಲ.

ಐದನೆಯ ಸಲ ಬಂದಾಗ ನಾನು ತಿಂಗಳು ತಪ್ಪಿದ್ದನ್ನು ಹೇಳಿದೆ. ಇವರು ಕಬ್ಬಿನ ಒಣಗರಿಯ ರಾಶಿಯ ಮೇಲೆ ಕೂತರು. ಯುಗಾದಿ ಹತ್ತಿರ ಬಂದಿತ್ತು, ಹುಕ್ಕೇರಿಯಲ್ಲಿ ಅದೇ ಕೊಲ್ಲಾಪುರದವನ ಜೊತೆ ಕುಸ್ತಿ ನಿಗದಿಯಾಗಿತ್ತು.

“ಈಗ ಬಾಯಿ ಬಿಡಬ್ಯಾಡ,” ಎಂದರು. “ಗೆದ್ದಮ್ಯಾಲ ಮೈದಾನದಾಗ ನಾನ ಹೇಳ್ತೇನಿ. ಹೇಂತಿ ಕಡೆ ಹೋಗಿದ್ನಿ, ಅಕಿ ಕೈಲೆ ಉಂಡಿದ್ನಿ, ಆದರೂ ಗೆದ್ದೇನಿ ಅಂತ. ಯಾರ ಏನ ಅಂತಾರ ನೋಡೂಣು.”

“ಸೋತ್ರ?”

“ಸೋತ್ರ ನಾ ಹೇಳೂದೇನೈತಿ, ಊರ ಹೇಳತೈತಿ.”

ಅವತ್ತಿನಿಂದ ಆ ಕುಸ್ತಿ ನನ್ನದೂ ಆಯಿತು. ಇವರು ಗೆದ್ದು ಆ ಮಾತು ಹೇಳಿದರೆ ನನ್ನ ಮೇಲಿನ ಅಪವಾದ ಹೋಗುತ್ತದೆ, ಹೊಟ್ಟೆಯಲ್ಲಿದ್ದದ್ದಕ್ಕೂ ಅಪ್ಪನ ಹೆಸರು ಸಿಗುತ್ತದೆ. ಕುಸ್ತಿಯ ದಿನ ಉಪವಾಸ ಮಾಡಿ ಬಸದಿಯಲ್ಲಿ ಕೂತೆ. ಸಂಜೆ ಅಣ್ಣ ಹುಕ್ಕೇರಿಯಿಂದ ಬಂದಾಗ ಅವನ ಅಂಗಿಯ ತುಂಬ ಗುಲಾಲು.

“ಗೆದ್ದ್ರು,” ಎಂದ. “ಈ ಸಲ ಕೈ ಎತ್ತಲಿಲ್ಲ ನೋಡು. ಅಂವನ ಎರಡೂ ಹೆಗಲ ಮಣ್ಣಿಗೆ ಒತ್ತಿ ಹಿಡದವರು, ಪಂಚರು ಬಂದು ಬೆನ್ನ ತಟ್ಟೂತನಕ ಬಿಡಲಿಲ್ಲ. ಪಟಕಾ ಸುತ್ತಿದ್ರು, ಬೆಳ್ಳಿ ಕಡಾ ಹಾಕಿದ್ರು.”

“ಆಮ್ಯಾಲ? ಏನ ಹೇಳಿದ್ರು?”

“ಹೇಳಿದವರು ವಸ್ತಾದರು. ವರ್ಷ ಪೂರ್ತಿ ಹೇಂತಿ ಮಾರಿ ನೋಡಿಲ್ಲ, ಈ ಬಲ ಆ ನೇಮದ್ದು ಅಂತ. ನಿಮ್ಮ ಮನಿಯವರು ತಲಿ ಬಗ್ಗಿಸಿ ನಿಂತಿದ್ರು. ಎಷ್ಟು ವಿನಯ ಅಂತ ಎಲ್ಲಾರೂ ಹೊಗಳಿದ್ರು.”

ನಾನು ಉಪವಾಸ ಬಿಡಲು ಮರೆತೆ.

ಎಂಟನೆಯ ದಿನ ಇವರು ಬಂಡಿ ಕಟ್ಟಿಕೊಂಡು ಕರೆಯಲು ಬಂದರು. ಕೈಯಲ್ಲಿ ಕಡಾ ಇತ್ತು. ಊರು ದಾಟಿದ ಮೇಲೆ ಕೇಳಿದೆ, ಯಾಕೆ ಹೇಳಲಿಲ್ಲ ಎಂದು.

“ಮಣ್ಣ ಮುಟ್ಟಿ ಆಣಿ ಮಾಡಿದ್ನಿ. ಗರಡ್ಯಾಗ ಅಷ್ಟ ಹುಡುಗ್ರು ನನ್ನ ನೋಡಿ ಸಾಮು ಮಾಡ್ತಾರ. ಹೆಂಗ ಹೇಳ್ಲಿ?”

“ಹೊಟ್ಟ್ಯಾಗಿಂದು?”

“ಏಳ ತಿಂಗಳಿಗೆ ಹುಟ್ಟಿತು ಅಂದ್ರಾತು.”

ಮೈದಾನದಲ್ಲಿ ಒಂದು ಮಾತೂ ಹೊಳೆಯದವರಿಗೆ ಇದು ಹೊಳೆದಿತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಗೆದ್ದ ಜಟ್ಟಿಯ ಮೀಸೆಯಲ್ಲಿ ಮಣ್ಣು ಕಂಡವಳು ನಾನು. ಬಂಡಿಯಿಂದ ಇಳಿದು ನಡೆದುಬಿಡಬೇಕು ಎನಿಸಿತು. ಇಳಿಯಲಿಲ್ಲ. ಇಳಿದು ಎಲ್ಲಿಗೆ ಹೋಗುವುದು?

ಮಗ ಹುಟ್ಟಿದ್ದು ತವರಿನಲ್ಲಿ. ತಲೆ ತುಂಬ ಕೂದಲು, ಕೈಕಾಲಿಗೆ ಪೂರ್ತಿ ಬೆಳೆದ ಉಗುರು. ಸೂಲಗಿತ್ತಿ ಅದನ್ನೆಲ್ಲ ನೋಡಿ ಅವ್ವನ ಮುಖ ನೋಡಿದಳು. ಅವ್ವ ಒಂದು ಹೊಸ ಸೀರೆ ತಂದು ಅವಳ ಮಡಿಲಿಗೆ ಹಾಕಿದಳು. ಗೋಕಾಕಕ್ಕೆ ಬಂದ ಮೇಲೆ ವಸ್ತಾದರು ಕೂಸನ್ನು ನೋಡಲು ಬಂದರು. ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದರು.

“ಏಳ ತಿಂಗಳಿಗೆ ಹುಟ್ಟಿ ಇಷ್ಟ ಗಟ್ಟಿ ಐತಿ ಅಂದ್ರ, ಇದು ಅಪ್ಪನ ನೇಮದ ಫಲಾ ತಾಯವ್ವಾ.”

ಅತ್ತೆ ಲಟಿಗೆ ಮುರಿದು ದೃಷ್ಟಿ ತೆಗೆದರು. ಒಂಬತ್ತು ತಿಂಗಳು ಹೊತ್ತವಳು ನಾನು, ಫಲ ನೇಮದ್ದಾಯಿತು. ಏಳು ತಿಂಗಳ ಕೂಸು ಎಂದು ಅವನನ್ನು ಗಾಳಿಗೆ ಬಿಡುತ್ತಿರಲಿಲ್ಲ, ಬೇಸಿಗೆಯಲ್ಲೂ ತಲೆ ಬೆನ್ನು ಮುಚ್ಚುವ ಕುಂಚಿಗೆ ಕಟ್ಟುತ್ತಿದ್ದರು. ಮೈತುಂಬ ಬೆವರುಸಾಲೆ ಎದ್ದು ಅವನು ಕಿರುಚುತ್ತಿದ್ದ.

ಮರುವರ್ಷ ನಮ್ಮ ಗರಡಿಯ ಇನ್ನೊಬ್ಬ ಪೈಲ್ವಾನ ಮೂಡಲಗಿಯಲ್ಲಿ ಚಿತ್ ಆದ. ಅವನು ಕುರುಬರ ಹುಡುಗ, ನಮ್ಮ ಓಣಿಯಲ್ಲೇ ಮನೆ. ಹೆಂಡತಿ ದಡ್ಡಿ ಎಂಬ ಊರಿನವಳು, ಹೊಳೆದಂಡೆಯಲ್ಲಿ ಕುರಿ ಕಾಯ್ದುಕೊಂಡು ಬೆಳೆದವಳು, ಬಂದು ವರ್ಷವೂ ಆಗಿರಲಿಲ್ಲ. ವಸ್ತಾದರು ಅವರ ಮನೆಯಲ್ಲೂ ಕೂತು ಅದೇ ಮಾತು ಹೇಳಿದರು, ನನ್ನ ಗಂಡನನ್ನೇ ತೋರಿಸಿ. ಹೊರಡುವ ದಿನ ಬಂಡಿಯನ್ನು ನಿಲ್ಲಿಸಿ ಆ ಹುಡುಗಿ ನಮ್ಮ ಮನೆಗೆ ಬಂದಳು. ಅತ್ತು ಅತ್ತು ಕಣ್ಣು ಬಾತಿದ್ದವು. ಇವರು ಪಡಸಾಲೆಯಲ್ಲಿ ಹಾಲು ಕುಡಿಯುತ್ತಿದ್ದರು.

“ವೈನೀ, ಖರೆ ಹೇಳ್ರಿ,” ಎಂದಳು. “ಅಣ್ಣಾರು ವರ್ಷಪೂರ್ತಿ ನಿಮ್ಮ ಮಾರಿ ನೋಡಿರಲಿಲ್ಲೇನ್ರಿ?”

ಇವರ ಕೈಯ ಚರಿಗೆ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ನನ್ನ ಸೊಂಟದ ಮೇಲೆ ಮಗ ಇದ್ದ. ಇವರು ಬಂದಿದ್ದರು, ನಿನ್ನ ಗಂಡನೂ ಬಂದರೆ ಬರಲಿ, ಈ ನೇಮವೆಲ್ಲ ಸುಳ್ಳು ಎಂದು ಹೇಳಲು ನನಗೆ ಎಷ್ಟು ಹೊತ್ತು ಬೇಕಿತ್ತು?

“ಖರೆ ಐತವಾ,” ಎಂದೆ. “ನೋಡಿರಲಿಲ್ಲ.”

ಅವಳು ನನ್ನ ಮಗನ ಗಲ್ಲ ಮುಟ್ಟಿ, ಕಣ್ಣೊರೆಸಿಕೊಂಡು ಬಂಡಿ ಹತ್ತಿದಳು. ಇವರು ಉಳಿದ ಹಾಲನ್ನು ಕುಡಿದರು.

ಆ ಹುಡುಗ ಇವರಂಥವನಲ್ಲ, ಆಣೆಗೆ ತಪ್ಪಲಿಲ್ಲ. ದಡ್ಡಿಯ ದಾರಿ ಒಮ್ಮೆಯೂ ಹಿಡಿಯಲಿಲ್ಲ. ಮುಂದಿನ ಯುಗಾದಿಯ ಕುಸ್ತಿಯಲ್ಲಿ ಮತ್ತೆ ಸೋತ. ನೇಮದಲ್ಲಿ ಎಲ್ಲೋ ಕೊರತೆಯಾಗಿದೆ ಎಂದು ವಸ್ತಾದರು ಇನ್ನೊಂದು ವರ್ಷ ಹಾಕಿದರು, ಅದಾದ ಮೇಲೆ ಮತ್ತೊಂದು. ಅವಳನ್ನು ಕರೆಯಲು ದಡ್ಡಿಗೆ ಬಂಡಿ ಹೋಗಲೇ ಇಲ್ಲ.