ಕೋವಿಯ ಬಾಯಿಗೆ ಬಿಸಿನೀರು

ನಮ್ಮ ಕೋವಿಯ ಲೈಸೆನ್ಸು ಉಳಿಯಿತು. ಉಳಿಸಿದವಳು ನನ್ನ ಮೊಮ್ಮಗಳು ಸಾಕಮ್ಮ. ಪಾಪಿರೆಡ್ಡಿಪಟ್ಟಿಯ ಕಚೇರಿಯಿಂದ ಊರಿಗೆ ನಡೆದು ಬರುವಾಗ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಇದನ್ನು ಹೇಳಿಕೊಂಡೇ ಬಂದಿದ್ದೇನೆ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಕಿವುಡನೊಬ್ಬನಿಗೆ ಎರಡು ಸಲ ಹೇಳಿದೆ. ನಿಮಗೆ ಮಾತ್ರ ಕೊನೆಯವರೆಗೂ ಮುಚ್ಚಿಟ್ಟುಕೊಂಡರೆ ನ್ಯಾಯವಲ್ಲ.

ಜಗಲಿಯ ಕಂಬಕ್ಕೆ ಒರಗಿ ಕೂತು ಬರೆಯುತ್ತಿದ್ದೇನೆ. ಓದು ನನ್ನದು ಅಷ್ಟಕ್ಕಷ್ಟೆ. ಅಪ್ಪ ಮರಳಿನ ಮೇಲೆ ತಿದ್ದಿಸಿದ ಕನ್ನಡ ಅಕ್ಷರ, ಆಮೇಲೆ ರೈಲ್ವೆಯಲ್ಲಿ ಬೋರ್ಡು ನೋಡಿ ಕಲಿತ ತಮಿಳು. ಸಾಲು ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹಾಳೆಯ ಮೇಲೆ ಬಗ್ಗಿದಾಗಲೆಲ್ಲ ನನ್ನ ಕೈಯಿಂದ ಸೀಮೆಎಣ್ಣೆಯ ವಾಸನೆ ಮೂಗಿಗೆ ಬರುತ್ತದೆ. ಬೆಳಿಗ್ಗೆ ಹೊರಡುವ ಮೊದಲು ಕೋವಿಯ ಹೊರಮೈಯನ್ನು ಕೊನೆಯ ಸಲ ಒರೆಸಿದವನು ನಾನೇ. ಅಷ್ಟು ಕೆಲಸವನ್ನು ಅವಳು ನನಗೆ ಬಿಟ್ಟುಕೊಟ್ಟಿದ್ದಳು. ಈ ವಾಸನೆಗೂ ನನಗೂ ಇರುವ ನಂಟು ನನ್ನ ಮದುವೆಗಿಂತ ಹಳೆಯದು.

ನಾವು ಮೂಲದಲ್ಲಿ ಸೇಲಂನ ಮಗ್ಗದ ಜನ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವುದು ನನಗೆ ಹಿಡಿಸಲಿಲ್ಲ. ಮೀಸೆ ಮೂಡುವ ಮೊದಲೇ ಓಡಿ ಹೋಗಿ ಮೊರಪ್ಪೂರು ಸ್ಟೇಷನ್ನಿನಲ್ಲಿ ದೀಪದ ಕೆಲಸಕ್ಕೆ ಸೇರಿಕೊಂಡೆ. ಸಿಗ್ನಲ್ಲಿನ ದೀಪ, ಪ್ಲಾಟ್‌ಫಾರಂನ ದೀಪ, ಗಾರ್ಡಿನ ಕೈದೀಪ, ಎಲ್ಲದರ ಮಸಿ ತೆಗೆಯುವುದು, ಬತ್ತಿ ಕತ್ತರಿಸುವುದು, ಎಣ್ಣೆ ತುಂಬುವುದು. ಮಸಿ ಹಿಡಿದ ಹಿತ್ತಾಳೆ ಬುರುಡೆಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒಂದು ಸುತ್ತು ಉಜ್ಜಿದರೆ ಸಾಕು, ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಬಾಗಿಲ ಕೀಲಿಗೆ ಸೀಮೆಎಣ್ಣೆ, ತುಕ್ಕು ಹಿಡಿದ ಬೀಗಕ್ಕೆ ಸೀಮೆಎಣ್ಣೆ, ಸ್ಟೇಷನ್ ಮಾಸ್ಟರ ಸೈಕಲ್ ಚೈನಿಗೂ ಅದೇ. ಒಮ್ಮೆ ನನ್ನ ಮಗಳ ತಲೆಯ ಹೇನಿಗೂ ಅದನ್ನೇ ಹಚ್ಚಿ ಹೆಂಡತಿಯಿಂದ ಬೈಸಿಕೊಂಡೆ. ಲೋಕದಲ್ಲಿ ಸೀಮೆಎಣ್ಣೆಗೆ ಬಗ್ಗದ ಕೊಳೆ ಇಲ್ಲವೆಂದು ನಾನು ನಂಬಿಕೊಂಡೇ ಮುದುಕನಾದೆ.

ಕೆಲಸ ಬಿಟ್ಟ ಮೇಲೆ ಪಾಪಿರೆಡ್ಡಿಪಟ್ಟಿಯ ಕಡೆ ಗುಡ್ಡದ ಬುಡದಲ್ಲಿ ಒಂದಿಷ್ಟು ಹೊಲ ಮಾಡಿದೆ. ಮೇಟೂರಿನಲ್ಲಿ ಕಾವೇರಿಗೆ ಅಣೆ ಏಳುತ್ತಿದ್ದ ಕಾಲ ಅದು. ಹೊಲ ಒಳ್ಳೆಯದೇ, ಆದರೆ ಕಡಲೆಕಾಯಿ ಬಲಿಯುವ ಹೊತ್ತಿಗೆ ಕಾಡುಹಂದಿಗಳು ಇಳಿದು ಬಂದು ನೇಗಿಲು ಹೊಡೆದ ಹಾಗೆ ಉತ್ತು ಹಾಕುತ್ತಿದ್ದವು. ಅರ್ಜಿ ಬರೆಸಿ, ಕಚೇರಿಗೆ ತಿರುಗಿ, ಬೆಳೆ ಕಾಯಲೆಂದು ಒಂಟಿ ನಳಿಗೆಯ ಕೋವಿಗೆ ಲೈಸೆನ್ಸು ಪಡೆದೆ. ಬಾಯಿಯಿಂದ ಮದ್ದು ತುಂಬಿ, ಕಡ್ಡಿಯಿಂದ ಗಿಡಿದು, ಹಿಂದೆ ಕೇಪು ಕೂರಿಸಿ ಹೊಡೆಯುವ ಹಳೆ ಮಾದರಿ. ಹಂದಿಗೆ ಗುಂಡು ತಗುಲಿದ್ದು ಕಡಿಮೆ. ಸದ್ದಿಗೇ ಅವು ಗುಡ್ಡ ಹತ್ತುತ್ತಿದ್ದವು. ನಮಗೆ ಬೇಕಾಗಿದ್ದೂ ಅಷ್ಟೇ.

ಹೊಡೆದ ಮಾರನೆಯ ದಿನ ನಾನು ಸೀಮೆಎಣ್ಣೆಯ ಬಟ್ಟೆಯನ್ನು ಕಡ್ಡಿಗೆ ಸುತ್ತಿ ನಳಿಗೆಯೊಳಗೆ ಆಡಿಸುತ್ತಿದ್ದೆ. ಬಟ್ಟೆ ಕಪ್ಪಗೆ ಬರುತ್ತಿತ್ತು, ನಳಿಗೆಯ ಬಾಯಿ ಹೊಳೆಯುತ್ತಿತ್ತು. ಮೇಲೊಂದು ಕೈ ಹರಳೆಣ್ಣೆ ಸವರಿ ಗೋಡೆಗೆ ತೂಗುಹಾಕಿದರೆ ನನ್ನ ಪಾಲಿಗೆ ಕೆಲಸ ಮುಗಿಯಿತು. ಒಂದೆರಡು ತಿಂಗಳಿಗೆ ಒಳಗೆ ತುಕ್ಕು ಬರುತ್ತಿತ್ತು. ಅದಕ್ಕೆ ನಾನು ಇಬ್ಬನಿಯನ್ನು ಬೈದೆ. ಗೋಡೆಯ ತೇವವನ್ನು ಬೈದೆ. ಬೆವರುಗೈಯಲ್ಲಿ ಮುಟ್ಟುತ್ತಾನೆಂದು ಕಿರಿಮಗ ಕೆಂಪಣ್ಣನನ್ನೂ ಬೈದೆ. ಸೀಮೆಎಣ್ಣೆಯನ್ನು ಮಾತ್ರ ಬೈಯಲಿಲ್ಲ.

ಹೋದ ವರ್ಷದ ತಪಾಸಣೆಯಲ್ಲಿ ಮರ್ಯಾದೆ ಹೋಯಿತು. ವರ್ಷಕ್ಕೊಮ್ಮೆ ಕೋವಿಗಳನ್ನು ಕಚೇರಿಗೆ ಒಯ್ದು ತೋರಿಸಬೇಕು. ಅಧಿಕಾರಿ ಒಂದು ಚಿಂದಿಯನ್ನು ಕಡ್ಡಿಗೆ ಸುತ್ತಿ ನಳಿಗೆಯೊಳಗೆ ಇಳಿಸಿ ತೆಗೆದರು. ಅದು ಕುಂಕುಮದ ಡಬ್ಬಿಯಿಂದ ಎದ್ದು ಬಂದ ಹಾಗಿತ್ತು. “ಅಡುತ್ತ ವರುಷಮೂ ಇಪ್ಪಡಿ ಇರುಂದಾ, ತುಪಾಕ್ಕಿ ಇಂಗೇಯೇ ಇರುಕ್ಕುಂ” ಎಂದರು. ಮುಂದಿನ ವರ್ಷವೂ ಹೀಗೇ ಇದ್ದರೆ ಕೋವಿ ಕಚೇರಿಯಲ್ಲೇ ಉಳಿಯುತ್ತದೆ ಅಂತ. ಕೋವಿ ಅಲ್ಲಿ ಉಳಿದರೆ ಹೊಲ ಹಂದಿಯದು. ಹೊಲ ಹಂದಿಯದಾದರೆ ನಾವು ಏಳು ಜನ ಏನು ತಿನ್ನುವುದು?

ಮನೆಗೆ ಬಂದು ಹೇಳಿದಾಗ ನಮ್ಮ ಮುದುಕಿ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲೂ ಇಲ್ಲ.

“ಊರಿನ ದೀಪ ಎಲ್ಲಾ ಒರ್ಸಿ ಬಂದೋರು ನೀವು. ಒಂದು ಕೊಳವೆ ಒರ್ಸಕ್ಕೆ ಆಗ್ಲಿಲ್ವಾ?” ಅಂದಳು.

ಈಗ ಸಾಕಮ್ಮನ ವಿಷಯ ಹೇಳಬೇಕು. ಅವಳು ಸೇಲಂನಲ್ಲಿ ಮಗ್ಗದ ಮನೆಗೆ ಕೊಟ್ಟ ನನ್ನ ಮಗಳ ಮಗಳು. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಹಾಗಾಗಿ ಎರಡು ವರ್ಷದ ಹಿಂದೆ ಕೆಂಪಣ್ಣನ ಕೈ ಹಿಡಿದು ನಮ್ಮ ಮನೆಗೇ ಬಂದಳು. ನನಗೆ ಮೊಮ್ಮಗಳೂ ಅವಳೇ, ಸೊಸೆಯೂ ಅವಳೇ. ಯಾವ ಹೊತ್ತಿನಲ್ಲಿ ಯಾವುದು ಎಂದು ಅವಳ ಮಾತಿನ ಗತ್ತಿನಿಂದ ತಿಳಿದುಕೊಳ್ಳಬೇಕು. ಬಣ್ಣದ ತೊಟ್ಟಿಯ ಪಕ್ಕದಲ್ಲೇ ಬೆಳೆದ ಹುಡುಗಿ. ನೂಲಿಗೆ ಏನಾದರೂ ಅಂಟಿದರೆ ಸಿಕ್ಕಿದ್ದರಲ್ಲಿ ತೊಳೆಯುವುದು ಅವಳಿಗೆ ಗೊತ್ತಿಲ್ಲ. ಗಂಜಿ ಬಿಡಿಸಲು ಕುದಿನೀರು, ಎಣ್ಣೆಯ ಜಿಡ್ಡಿಗೆ ಸೋಡಾ, ಅರಗಿಗೆ ಸ್ಪಿರಿಟ್ಟು. ಮೊದಲು ಕಲೆ ಯಾವುದು ಅಂತ ಕೇಳುತ್ತಾಳೆ, ಆಮೇಲೆ ಕೈ ಹಾಕುತ್ತಾಳೆ.

ಈ ಸಲ ತಪಾಸಣೆ ಹತ್ತಿರ ಬಂದಾಗ ನಾನು ಸೇಲಂಗೆ ಹೋಗಿ ತೋಟಾ ಮದ್ದು ಮಾರುವ ಅಂಗಡಿಯಲ್ಲಿ ಒಂದು ಬಾಟ್ಲಿ ತಂದೆ. ದೊರೆಗಳ ಕೋವಿ ಒರೆಸುವ ಸೀಮೆ ಸರಕು. ಬಿರಡೆ ತೆಗೆದರೆ ಕಣ್ಣಲ್ಲಿ ನೀರು ಬರುವಷ್ಟು ಘಾಟು. ಅದನ್ನು ಜಗಲಿಯ ಮೇಲೆ ನಡುವಿಗೆ ಇಟ್ಟು, ಪಕ್ಕದಲ್ಲಿ ಸೀಮೆಎಣ್ಣೆಯ ಡಬ್ಬಿ ಇಟ್ಟು, ಯಾವುದನ್ನು ಮೊದಲು ಹಾಕಲಿ ಎಂದು ನ್ಯಾಯಾಧೀಶನ ಹಾಗೆ ಕೂತಿದ್ದೆ.

ಸಾಕಮ್ಮ ಬಂದು ಕೋವಿಯ ಕೇಪು ಕೂರಿಸುವ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

“ತಾತ, ಇದು ಒದ್ದೆ ಐತೆ.”

“ಇಬ್ಬನಿ ಕಣವ್ವ.”

“ಗೋಡೇಲಿ ಕುಡ್ಗೋಲೂ ತೂಗಾಕಿದ್ದೀಯ. ಅದು ಒಣಗಿಕೊಂಡೈತೆ. ಇದೊಂದೇ ಯಾಕೆ ಬೆವರ್ತದೆ, ಉಪ್ಪಿನ ಮಡಕೆ ಬೆವರ್ದಂಗೆ?”

ಎದ್ದು ಕುಡುಗೋಲನ್ನು ಮುಟ್ಟಿ ನೋಡಿದೆ, ಒಣಗಿಯೇ ಇತ್ತು. ಅವಳು ಮತ್ತೆ ಕೇಳಿದಳು, “ಮದ್ದಲ್ಲಿ ಏನೇನು ಆಕ್ತಾರೆ?”

“ಇದ್ದಿಲು, ಗಂಧಕ, ವೆಡಿಯುಪ್ಪು, ಅದೇ ಪೆಟ್ಲುಪ್ಪು.”

“ಉಪ್ಪು ಅಂತ ನಿನ್ ಬಾಯಲ್ಲೇ ಅಂದ್ಯಲ್ಲ. ಒಗ್ಗರಣೆ ಎಣ್ಣೆಗೆ ಉಪ್ಪು ಆಕಿ ನೋಡು, ಕರಗ್ತದಾ? ತಳದಲ್ಲಿ ಅಂಗೇ ಕುಂತಿರ್ತದೆ. ಇದಕ್ಕೆ ಬಿಸ್ನೀರು ಉಯ್ಯಬೇಕು.”

ಕೆಂಪಣ್ಣ ಕೊಟ್ಟಿಗೆಯಿಂದಲೇ ಕೂಗಿದ. “ಕಬ್ಬಿಣಕ್ಕೆ ನೀರು ಉಯ್ಯೋರನ್ನ ಎಲ್ಲಾದ್ರೂ ನೋಡಿದ್ದೀಯೇನಪ್ಪಾ? ಉಳಿದಿರೋದನ್ನೂ ತುಕ್ಕು ತಿನ್ನಲಿ ಅಂತಾಳೆ.”

ನಾನೂ ಬೇಡವೆಂದೆ. ಜೋರಾಗಿಯೇ ಅಂದೆ. ಜನ್ಮವಿಡೀ ಕಬ್ಬಿಣವನ್ನು ನೀರಿನಿಂದ ಕಾಪಾಡಿದ ಮನುಷ್ಯ ನಾನು. ತಪಾಸಣೆಗೆ ಇನ್ನು ಎಂಟು ದಿನ. ಅಷ್ಟರಲ್ಲಿ ಒಳಗೆ ತುಕ್ಕು ಎದ್ದರೆ ಮತ್ತೆ ಸರಿಮಾಡಲು ಹೊತ್ತೆಲ್ಲಿದೆ?

ಅವಳು ಒಳಗೆ ಹೋಗಿ ಮೂರು ತೆಂಗಿನ ಕರಟ ತಂದಳು. ನಳಿಗೆ ಖಾಲಿಯಿದೆಯೇ ಎಂದು ಕಡ್ಡಿ ಇಳಿಸಿ ನೋಡಿಸಿದ ಮೇಲೆ, ಕೇಪಿನ ಜಾಗದಿಂದಲೂ ನಳಿಗೆಯ ಬಾಯಿಂದಲೂ ಗಟ್ಟಿಯಾದ ಮಸಿಯನ್ನು ಹೆರೆದು ಮೂರು ಕರಟಕ್ಕೂ ಚಿಟಿಕೆ ಚಿಟಿಕೆ ಹಾಕಿದಳು. ಒಂದಕ್ಕೆ ಸೀಮೆಎಣ್ಣೆ, ಒಂದಕ್ಕೆ ಬಾಟ್ಲಿಯ ಸರಕು, ಒಂದಕ್ಕೆ ಒಲೆಯಿಂದ ಇಳಿಸಿದ ಕುದಿನೀರು. ಪೊರಕೆಕಡ್ಡಿಯಲ್ಲಿ ಕಲಕಿ, “ಕುಂತ್ಕೊಂಡು ನೋಡು” ಎಂದು ಹೇಳಿ ಕಸ ಗುಡಿಸಲು ಹೋದಳು.

ಕೂತು ನೋಡಿದೆ. ಸೀಮೆಎಣ್ಣೆಯಲ್ಲಿ ಮಸಿ ಸಾಸಿವೆಯ ಹಾಗೆ ತಳದಲ್ಲಿ ಬಿದ್ದುಕೊಂಡಿತ್ತು. ಬಾಟ್ಲಿಯ ಸರಕು ಕಂದುಬಣ್ಣಕ್ಕೆ ತಿರುಗಿತು, ಹಳೆ ಹರಳೆಣ್ಣೆಯ ಜಿಗುಟೆಲ್ಲ ಬಿಟ್ಟುಕೊಂಡಿತು, ಆದರೆ ಕರಿಯ ಕಾಳು ಅಲ್ಲೇ ಇತ್ತು. ಬಿಸಿನೀರು ಮಾತ್ರ ಕಣ್ಣೆದುರಿಗೇ ಶಾಯಿಯಂತೆ ಕಪ್ಪಗಾಗಿ, ಕೊಳೆತ ಮೊಟ್ಟೆಯ ನಾತ ಬಿಟ್ಟಿತು. ಮುದುಕಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು, “ಇಷ್ಟು ವರ್ಸ ಇದನ್ನ ಒಳಗಿಟ್ಟು ಮೇಲೆ ಎಣ್ಣೆ ಸವರ್ತಾ ಇದ್ರಾ?” ಎಂದಳು.

ನಾನು ಒರೆಸಿ ತೆಗೆಯುತ್ತಿದ್ದದ್ದು ಮೇಲಿನ ಸಡಿಲ ಮಸಿಯನ್ನು. ಒಳಗಿನ ಉಪ್ಪಿಗೆ ನನ್ನ ಸೀಮೆಎಣ್ಣೆ ಹೊಳಪಿನ ಹೊದಿಕೆ ಹೊದಿಸಿ ಮಲಗಿಸುತ್ತಿತ್ತು. ಇಷ್ಟು ತಿಳಿಯಲು ನನಗೆ ಅರವತ್ತು ದಾಟಬೇಕಾಯಿತು, ಅದೂ ನಾನು ಬಿಟ್ಟು ಓಡಿಬಂದ ಮಗ್ಗದ ಮನೆಯವಳೇ ತೋರಿಸಬೇಕಾಯಿತು.

“ಉಯ್ಯಿ” ಅಂದೆ.

ಒಲೆಯಿಂದ ದೂರ, ಹಿತ್ತಲಲ್ಲಿ ಕೆಲಸ ಶುರುವಾಯಿತು. ಮೊದಲು ಬಾಟ್ಲಿಯ ಸರಕಿನಲ್ಲಿ ಹಳೆಯ ಎಣ್ಣೆಯ ಜಿಗುಟು ತೆಗೆದಳು. “ಇದಕ್ಕೆ ನೀರು ನಾಟಲ್ಲ ತಾತ, ಇದಕ್ಕೆ ನಿನ್ ಬಾಟ್ಲೀನೇ ಸರಿ” ಎಂದು ನನ್ನ ಸೇಲಂ ಪ್ರಯಾಣಕ್ಕೂ ಒಂದು ಗೌರವ ಉಳಿಸಿದಳು. ಆಮೇಲೆ ನಳಿಗೆಯ ಬಾಯಿಗೆ ಕುದಿನೀರು. ಒಂದು ಚೊಂಬು ಹೋದರೆ ಕರಿಯ ನೀರು, ಇನ್ನೊಂದು ಹೋದರೆ ಬೂದಿಯ ನೀರು, ಮೂರನೆಯದು ತಿಳಿ. ಕಬ್ಬಿಣ ಕೈ ಇಡಲಾಗದಷ್ಟು ಕಾದಿತ್ತು, ಹಾಗಾಗಿ ಒಳಗಿನ ತೇವ ತಾನೇ ಆರಿತು. ಒಣ ಬಟ್ಟೆ ಆಡಿಸಿ ತೆಗೆದು, ಕೊನೆಗೆ ನನ್ನತ್ತ ತಿರುಗಿ, “ಈಗ ನಿನ್ ಸೀಮೆಎಣ್ಣೆ ಕೊಡು. ಎಲ್ಲಾದ್ರೂ ಹನಿ ಉಳ್ಕೊಂಡಿದ್ರೆ ಅದು ಓಡಿಸ್ತದೆ” ಎಂದಳು. ನನಗಾದ ಸಂತೋಷವನ್ನು ಏನು ಹೇಳಲಿ, ಮೆರವಣಿಗೆಯಲ್ಲಿ ಕೊನೆಗೆ ಕರೆದರೂ ಕರೆದರಲ್ಲ ಎಂಬ ಸಂತೋಷ.

ಮಾರನೆಯ ದಿನ ಬೆಳಿಗ್ಗೆ ಬಿಳಿ ಬಟ್ಟೆ ಆಡಿಸಿ ತೆಗೆದರೆ, ತುದಿ ಕೆಂಪಗಿತ್ತು.

ಕೆಂಪಣ್ಣ ಇಣುಕಿ ನೋಡಿ ಮತ್ತೆ ಕೊಟ್ಟಿಗೆಗೆ ಹೋದ. ಸಾಕಮ್ಮನ ಮುಖವೂ ಒಂದು ಗಳಿಗೆ ಬಾಡಿತು. ಬಟ್ಟೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ನೂಲಿಗೆ ಅಂಟಿದ್ದು ಒಂದೇ ಸಲಕ್ಕೆ ಬಿಟ್ಟಿದ್ದು ನಾನು ಕಂಡಿಲ್ಲ. ಕಬ್ಬಿಣದ ಗುಳೀಲಿ ಇನ್ನೂ ಐತೆ. ನೀರು ಕಾಯ್ಸು ಅತ್ತೆ” ಎಂದಳು ಮುದುಕಿಗೆ. ಅಜ್ಜಿ ಎನ್ನಲಿಲ್ಲ, ಅತ್ತೆ ಎಂದಳು. ಅಂದರೆ ಆ ದಿನ ಅವಳು ಸೊಸೆಯ ಗತ್ತಿನಲ್ಲಿದ್ದಳು. ಮುದುಕಿ ಎದ್ದು ಹೋಗಿ ನೀರು ಕಾಯಿಸಿದಳು.

ಅದರ ಮರುದಿನ ಕೆಂಪು ತಿಳಿಯಾಯಿತು. ಇನ್ನೊಂದು ದಿನಕ್ಕೆ ಬಟ್ಟೆ ಹೇಗೆ ಹೋಯಿತೋ ಹಾಗೇ ಬಂತು. ಆಮೇಲೆ ತೆಳ್ಳಗೆ ಕೊಬ್ಬರಿ ಎಣ್ಣೆ, ಅಷ್ಟೇ. ಉಳಿದ ದಿನಗಳಲ್ಲಿ ನಾನು ಯಾರಿಗೂ ಕಾಣದ ಹಾಗೆ ಹೋಗಿ ಬಟ್ಟೆ ಆಡಿಸಿ ನೋಡುತ್ತಿದ್ದೆ. ಯಾರಿಗೂ ಕಾಣುವುದಿಲ್ಲವೆಂದು ನಾನು ತಿಳಿದುಕೊಂಡಿದ್ದೆ. “ತಾತ, ಅದನ್ನ ಒರ್ಸೀ ಒರ್ಸೀ ಸವೆಸಿಬಿಡ್ಬೇಡ” ಎಂಬ ಮಾತು ಅಡಿಗೆಮನೆಯಿಂದ ಬರುತ್ತಿತ್ತು.

ಇವತ್ತು ಕಚೇರಿಯ ಅಂಗಳದಲ್ಲಿ ಆರೇಳು ಜನ ರೈತರು ಕೋವಿ ಹಿಡಿದು ನಿಂತಿದ್ದೆವು. ಅದೇ ಅಧಿಕಾರಿ. ನನ್ನನ್ನು ಕಂಡೊಡನೆ ಗುರುತು ಹಿಡಿದರು. ಅದು ಒಳ್ಳೆಯ ಲಕ್ಷಣವಾಗಿರಲಿಲ್ಲ. ಚಿಂದಿ ಮುಗಿದಿತ್ತೋ, ನನ್ನ ಕೋವಿಯ ಮೇಲೆ ಅಷ್ಟು ಅನುಮಾನವಿತ್ತೋ, ಜೇಬಿನಿಂದ ತಮ್ಮ ಸ್ವಂತ ಕರವಸ್ತ್ರವನ್ನೇ ತೆಗೆದು ಕಡ್ಡಿಗೆ ಸುತ್ತಿದರು. ಇಸ್ತ್ರಿ ಹಾಕಿದ ಬಿಳಿ ಕರವಸ್ತ್ರ. ಅದು ನಳಿಗೆಯ ತಳಕ್ಕೆ ಹೋಗಿ, ಎರಡು ಸುತ್ತು ತಿರುಗಿ, ಹೊರಗೆ ಬಂತು. ಅವರು ಅದನ್ನು ಬಿಸಿಲಿಗೆ ಹಿಡಿದರು. ಮಗುಚಿ ನೋಡಿದರು. ಆಮೇಲೆ ನಾಲ್ಕು ಮಡಿಕೆ ಮಾಡಿ ಮತ್ತೆ ಜೇಬಿನಲ್ಲೇ ಇಟ್ಟುಕೊಂಡರು.

“ಯಾರು ತುಡೈಚ್ಚದು?” ಎಂದು ಕೇಳಿದರು. ಒರೆಸಿದ್ದು ಯಾರು ಎಂದು.

ನಿಜ ಹೇಳುತ್ತೇನೆ, ‘ನಾನ್ ದಾನ್’, ಅಂದರೆ ನಾನೇ, ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸುತ್ತ ಅಷ್ಟು ಜನ ನೋಡುತ್ತಿದ್ದರು, ಹೋದ ವರ್ಷ ನಕ್ಕವರೂ ಇದ್ದರು.

“ಎನ್ ಪೇತ್ತಿ” ಎಂದೆ. ನನ್ನ ಮೊಮ್ಮಗಳು.

ಒಬ್ಬ ಕಿಸಕ್ಕೆಂದ. ಅಧಿಕಾರಿ ಅವನ ಕೋವಿಯನ್ನು ಈಸಿಕೊಂಡು ಬಾಯಿಗೆ ಕಣ್ಣಿಟ್ಟು, ಅವನ ಕೈಗೇ ಹಿಂದಕ್ಕೆ ಕೊಟ್ಟು, “ನೀಯೂ ಪೋಯಿ ಅಂದ ಪೊಣ್ಣುಕ್ಕಿಟ್ಟೆ ಕತ್ತುಕ್ಕೋ” ಎಂದರು. ನೀನೂ ಹೋಗಿ ಆ ಹುಡುಗಿಯ ಹತ್ತಿರ ಕಲಿತುಕೋ ಎಂದು. ನನ್ನ ಕಾಗದಕ್ಕೆ ಮೊಹರು ಬಿತ್ತು.

ಇಷ್ಟು ಬರೆಯುವಷ್ಟರಲ್ಲಿ ಊಟಕ್ಕೆ ಕರೆದರು. ಉಳಿದದ್ದನ್ನು ಊಟ ಮುಗಿಸಿ ಬಂದು ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಗಂಡಸರು ಮೊದಲು ಉಣ್ಣುತ್ತಾರೆ, ಹೆಂಗಸರು ಬಡಿಸಿ ಆಮೇಲೆ ಉಣ್ಣುತ್ತಾರೆ. ನನ್ನ ಅಪ್ಪನ ಕಾಲದಿಂದ ಹಾಗೇ. ಹೆಂಡತಿಯನ್ನು ಕಳೆದುಕೊಂಡ ದೊಡ್ಡ ಮಗ, ಅವನ ಇಬ್ಬರು ಮಕ್ಕಳು, ಕೆಂಪಣ್ಣ ಕೂತಿದ್ದರು. ಸಾಕಮ್ಮ ಸಾರಿನ ಸೌಟು ಹಿಡಿದು ನಿಂತಿದ್ದಳು.

“ತಾತ, ನೀನೇ ಒರ್ಸಿದ್ದು ಅಂದಿದ್ರೆ ಯಾರಿಗೆ ಗೊತ್ತಾಗ್ತಿತ್ತು?” ಎಂದಳು.

“ಬಾಯಿಗೆ ಬಂದಿತ್ತು ಕಣವ್ವ” ಎಂದೆ.

ಅವಳು ನಕ್ಕಳು. ನಾನು ಕೈ ನೀಡಿ ಸೌಟು ಈಸಿಕೊಂಡೆ. ದೊಡ್ಡ ಮಗ ತಲೆಯೆತ್ತಿ ನನ್ನನ್ನೂ ಅವಳನ್ನೂ ನೋಡಿದ. ಮುದುಕಿ ಮುದ್ದೆಯ ಮಡಕೆಯನ್ನೂ ಅವರೆಕಾಳಿನ ಸಾರನ್ನೂ ಕಡಲೆಕಾಯಿ ಚಟ್ನಿಯನ್ನೂ ತಂದು ಎಲ್ಲರ ನಡುವೆ ಇಟ್ಟು, ತಾನೂ ಗೋಡೆ ಹಿಡಿದು ಕೂತಳು. “ಸರ್ಕೊಳ್ಳಿ, ಅವಳ್ಗೂ ಜಾಗ ಬೇಕಲ್ಲ” ಎಂದಳು ನನಗೆ. ಸರಿದೆ. ಸಾಕಮ್ಮ ನನ್ನ ಪಕ್ಕದಲ್ಲಿ ಕಾಲು ಮಡಚಿ ಕೂತು ಮುದ್ದೆ ಮುರಿದಳು. ಬಡಿಸುವವರು ಯಾರೂ ನಿಂತಿರಲಿಲ್ಲ. ಬೇಕಾದವರು ಬೇಕಾದಷ್ಟು ಬಡಿಸಿಕೊಂಡು ಏಳು ಜನವೂ ಒಟ್ಟಿಗೆ ಉಂಡೆವು.